ಹಳಿಯ ಮೇಲಿನ ಸರ್ಕಸ್

ನಮ್ಮ ಬೆಳ್ತಂಗಡಿಗೆ ರೈಲಿಲ್ಲ, ಮೂಡಬಿದ್ರೆಗೂ ಇಲ್ಲ. ದೊಡ್ಡ ಸರ್ಕಸ್ ನೋಡಬೇಕಾದರೆ ಬಸ್ಸು ಹತ್ತಿ ಮಂಗಳೂರಿಗೇ ಹೋಗಬೇಕಿತ್ತು. ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ, ಅಣ್ಣ ಹೋಗಿ ಬಂದರು. "ಹೆಂಗಸರಿಗೆ ಅಷ್ಟು ದೂರ ಯಾಕೆ?" ಎಂದರು ಅಪ್ಪ. ಅಮ್ಮ ಮಾತಾಡದೆ ಅಕ್ಕಿ ಆರಿಸುತ್ತಿದ್ದರು.

ಚರಿತ್ರೆಯ ಪಾಠ ಮಾಡತೊಡಗಿದ ಮೇಲೆ ಆ ದೂರದ ಕಾರಣ ತಿಳಿಯಿತು. ದೊಡ್ಡ ಸರ್ಕಸ್ಸೆಂದರೆ ಹಳಿಯ ಮೇಲೆ ಸಾಗುವ ಒಂದು ಊರು. ಅಮೆರಿಕದ ಬಾರ್ನಮ್ ಕಂಪೆನಿ 1872ರಲ್ಲೇ ರೈಲು ಹತ್ತಿತ್ತು. ಗೋಡೆ, ಮಾಡು ಇಲ್ಲದ ವ್ಯಾಗನ್ನುಗಳನ್ನು ಸಾಲಾಗಿ ಜೋಡಿಸಿ, ಒಂದು ತುದಿಗೆ ಇಳಿಜಾರು ಹಲಗೆ ಕೊಟ್ಟು, ಸಾಮಾನಿನ ಬಂಡಿಗಳನ್ನೂ ಪ್ರಾಣಿಗಳ ಬೋನುಬಂಡಿಗಳನ್ನೂ ಒಂದರ ಹಿಂದೊಂದು ಉರುಳಿಸಿ ತುಂಬುತ್ತಿದ್ದರು. ಕಲಾವಿದರಿಗೆ ಮಲಗುವ ಡಬ್ಬಿಗಳಿದ್ದವು. ನಮ್ಮ ದೇಶದ ದೊಡ್ಡ ಕಂಪೆನಿಗಳೂ ಡೇರೆ, ಆನೆ, ಸಂಸಾರ ಸಮೇತ ರೈಲಿನಲ್ಲೇ ಊರೂರು ಸುತ್ತಿದವು.

ಕೀಲೇರಿ ಕುಞ್ಞಿಕಣ್ಣನ್ 1901ರಲ್ಲಿ ತಲಚೇರಿಯ ಹತ್ತಿರ ಸರ್ಕಸ್ ಶಾಲೆ ತೆರೆದರು. ಆ ಕಡೆಯ ಹಳಿ 1907ರಲ್ಲಿ ಮಂಗಳೂರು ಮುಟ್ಟಿತು. ಬಂಟ್ವಾಳದ ಹಳಿಯಾದರೋ 1979ರಲ್ಲಿ ಪೂರ್ತಿಯಾದ ಹಾಸನ–ಮಂಗಳೂರು ಮಾರ್ಗದ್ದು, ಅದೂ ಮೀಟರ್‌ಗೇಜು. ತಲಚೇರಿಯ ಬ್ರಾಡ್‌ಗೇಜ್ ಗಾಡಿ ಅದರ ಮೇಲೆ ಓಡುವಂತಿರಲಿಲ್ಲ.

ಕೆಲಸ ಸಿಕ್ಕಿದ ಮೇಲೆ, ಮೊದಲ ಸಂಬಳದಲ್ಲಿ ಅಮ್ಮನನ್ನು ಮಂಗಳೂರಿಗೆ ಕರೆದೊಯ್ದೆ. ಆನೆ ಬಂತು, ಹುಲಿ ಬಂತು. ಅಮ್ಮನ ಕಣ್ಣು ಮಾತ್ರ ಉಯ್ಯಾಲೆಯ ಹುಡುಗಿಯರ ಮೇಲಿತ್ತು. "ಇಷ್ಟು ಸಣ್ಣ ಮಕ್ಕಳನ್ನು ರೈಲು ಹತ್ತಿಸುವಾಗ ಅವರ ಅಮ್ಮಂದಿರಿಗೆ ಹೇಗಾಗಿರಬಹುದು, ಮಗಾ?" ಎಂದರು.

ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಬಾರದೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2011ರಲ್ಲಿ. ಪತ್ರಿಕೆಯಲ್ಲಿ ಓದಿದಾಗ, ಓದಿ ಹೇಳಲು ಅಮ್ಮ ಇರಲಿಲ್ಲ.