ಚರ್ಮದ ಕೋಶಕ್ಕೆ ಜಾಗ ಸಾಲದಿದ್ದಾಗ

ನಿಮ್ಮ ಅಂಗಾಲಿನ ಜೀವಕೋಶದಲ್ಲಿರೋ ಡಿಎನ್‌ಎ, ಲಿವರ್‌ನ ಜೀವಕೋಶದಲ್ಲಿರೋ ಡಿಎನ್‌ಎ, ಎರಡೂ ಹೆಚ್ಚುಕಡಿಮೆ ಒಂದೇ. ನನ್ನ ಕಸುಬಿನ ಭಾಷೆಯಲ್ಲಿ ಹೇಳೋದಾದರೆ ಎಲ್ಲಾ ಸರ್ವರ್‌ಗೂ ಒಂದೇ ಕೋಡ್ ಹಾಕಿ ಬಿಟ್ಟಿದ್ದಾರೆ, ಎಲ್ಲಿ ಯಾವ ಭಾಗ ಓಡಬೇಕು ಅನ್ನೋದಷ್ಟೇ ಬೇರೆ. ಹಾಗಾದರೆ ಯಾವ ಜೀನ್ ಓಡಬೇಕು, ಯಾವುದು ಸುಮ್ಮನಿರಬೇಕು ಅಂತ ತೀರ್ಮಾನ ಮಾಡೋರು ಯಾರು? ಹಾರ್ಮೋನು, ಬೆಳವಣಿಗೆಯ ಪ್ರೋಟೀನು, ಒಟ್ಟಿನಲ್ಲಿ ಯಾವುದೋ ಒಂದು ರಾಸಾಯನಿಕ ಬಂದು ಬಾಗಿಲು ತಟ್ಟುತ್ತೆ ಅಂತ ನಾವು ಪಿಯುಸಿಯಲ್ಲಿ ಓದಿದ್ದು. ಸುಳ್ಳಲ್ಲ ಅದು. ಆದರೆ ಕೋಶದ ಆಕಾರವೂ ಆ ಬಾಗಿಲು ತಟ್ಟಬಲ್ಲದು ಅನ್ನೋದನ್ನು ಮನುಷ್ಯರ ಚರ್ಮವೇ ತೋರಿಸಿಕೊಟ್ಟಿತು. ಆ ಕತೆ ಶುರುವಾಗೋದು ಅಮೆರಿಕದ ಒಂದು ಲ್ಯಾಬಿನಲ್ಲಿ, ಅದೂ ಚರ್ಮಕ್ಕೆ ಸಂಬಂಧವೇ ಇಲ್ಲದ ಕೆಲಸದಿಂದ.

ಹೊವಾರ್ಡ್ ಗ್ರೀನ್ ಅಂತ ಒಬ್ಬ ವಿಜ್ಞಾನಿ. 1960ರ ದಶಕದ ಆರಂಭದಲ್ಲಿ ಜಾರ್ಜ್ ಟೊಡಾರೊ ಜೊತೆ ಸೇರಿ ಇಲಿಯ ಕೋಶಗಳಿಂದ 3ಟಿ3 ಅನ್ನೋ ತಳಿ ಬೆಳೆಸಿದ್ದರು. ಮೂರು ದಿನಕ್ಕೊಮ್ಮೆ ಮೂರು ಲಕ್ಷ ಕೋಶಗಳನ್ನು ಹೊಸ ತಟ್ಟೆಗೆ ವರ್ಗಾಯಿಸಬೇಕು, ಹೆಸರಿನಲ್ಲಿರೋದು ಆ ಲೆಕ್ಕವೇ. ಆಮೇಲೆ ಎಂಐಟಿಯಲ್ಲಿ ಗ್ರೀನ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ರೈನ್‌ವಾಲ್ಡ್ ಇಲಿಯ ಒಂದು ಗೆಡ್ಡೆಯ ಮೇಲೆ ಕೆಲಸ ಮಾಡುತ್ತಿದ್ದಾಗ, ಆ ಗೆಡ್ಡೆಯ ಕೆಲವು ಕೋಶಗಳು ತಟ್ಟೆಯಲ್ಲಿ ಚರ್ಮದ ಹಾಗೆ ಪದರ ಕಟ್ಟತೊಡಗಿದವು. ಗೆಡ್ಡೆಯ ಕೋಶವೇ ಹೀಗೆ ಮಾಡುತ್ತೆ ಅಂದಮೇಲೆ ಮನುಷ್ಯರ ಚರ್ಮವನ್ನೇ ಯಾಕೆ ಬೆಳೆಸಬಾರದು?

ಅಲ್ಲೊಂದು ತೊಡಕಿತ್ತು. ಚರ್ಮದ ತುಂಡು ತಂದು ತಟ್ಟೆಗೆ ಹಾಕಿದರೆ ಒಳಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳು ಗದ್ದೆಯಲ್ಲಿ ಕಳೆ ಬೆಳೆದ ಹಾಗೆ ಎಲ್ಲವನ್ನೂ ಆವರಿಸಿಬಿಡುತ್ತಿದ್ದವು. ನಮಗೆ ಬೇಕಾದ ಹೊರಚರ್ಮದ ಕೋಶ, ಅಂದರೆ ಕೆರಟಿನೊಸೈಟ್, ಉಳಿಯುತ್ತಲೇ ಇರಲಿಲ್ಲ. ಇದಕ್ಕೆ ಅವರು ಹೂಡಿದ ಉಪಾಯ ನೋಡಿ. ವಿಕಿರಣ ಕೊಟ್ಟ 3ಟಿ3 ಕೋಶಗಳನ್ನು ಮೊದಲೇ ತಟ್ಟೆಗೆ ಹಾಸಿದರು. ಅವು ಬದುಕಿರುತ್ತವೆ, ಪಕ್ಕದವರಿಗೆ ಬೇಕಾದ್ದನ್ನು ಒದಗಿಸುತ್ತವೆ, ಆದರೆ ತಾವು ಮಾತ್ರ ಹೆಚ್ಚೋದಿಲ್ಲ. ಕಳೆಗೂ ಜಾಗ ಬಿಡೋದಿಲ್ಲ. ಆ ಹಾಸಿನ ಮೇಲೆ ಒಂದೊಂದು ಕೆರಟಿನೊಸೈಟೂ ಒಂದೊಂದು ಕಾಲೊನಿಯಾಯಿತು. ಇದು 1975ರ ಮಾತು.

ಇದರಿಂದ ಆದ ಉಪಕಾರ ಸಣ್ಣದಲ್ಲ. 1983ರಲ್ಲಿ ಐದು ಮತ್ತು ಆರು ವರ್ಷದ ಇಬ್ಬರು ಅಣ್ಣತಮ್ಮಂದಿರನ್ನು ಬಾಸ್ಟನ್‌ನ ಸುಟ್ಟಗಾಯದ ಆಸ್ಪತ್ರೆಗೆ ತಂದರು. ಮೈಯ ಶೇಕಡಾ 95ಕ್ಕಿಂತ ಹೆಚ್ಚು ಭಾಗ ಸುಟ್ಟಿತ್ತು. ಅಷ್ಟು ಸುಟ್ಟರೆ ಕಸಿ ಮಾಡೋಕೆ ಮಕ್ಕಳ ಮೈಯಲ್ಲೇ ಚರ್ಮ ಉಳಿದಿರೋದಿಲ್ಲ. ಉಳಿದಿದ್ದ ಚೂರಿನಿಂದ ಒಂದಿಷ್ಟು ಕೋಶ ತೆಗೆದು, ಗ್ರೀನ್ ವಿಧಾನದಲ್ಲಿ ಹಾಳೆ ಹಾಳೆಯಾಗಿ ಬೆಳೆಸಿ, ಮೈಗೆ ಹೊದಿಸಿದರು. ಇಬ್ಬರೂ ಬದುಕಿದರು.

ಈಗ ಆಕಾರದ ವಿಷಯಕ್ಕೆ ಬರೋಣ. ಕೆರಟಿನೊಸೈಟ್‌ನ ಬದುಕು ಒಂದು ಮೆಟ್ಟಿಲು ಹತ್ತೋ ಪ್ರಯಾಣ. ತಳದ ಪೊರೆಗೆ ಅಂಟಿಕೊಂಡಿರುವ ತನಕ ಅದು ಒಡೆದು ಎರಡಾಗುತ್ತಾ ಇರುತ್ತೆ. ಅಲ್ಲಿಂದ ಕಿತ್ತು ಮೇಲಿನ ಪದರಕ್ಕೆ ಹೋದ ಮೇಲೆ ಒಡೆಯೋದು ನಿಲ್ಲುತ್ತೆ, ಬೇರೆ ಜೀನ್‌ಗಳು ಶುರುವಾಗುತ್ತವೆ, ಕೊನೆಗೆ ಸತ್ತು ಗಟ್ಟಿ ಹೊದಿಕೆಯಾಗಿ, ಹೊಟ್ಟಾಗಿ ಉದುರುತ್ತೆ. ಎಲ್ಲಾ ಸೇರಿ ಸುಮಾರು ಒಂದು ತಿಂಗಳು. ಹೊರಟ ಕೋಶವನ್ನು ಗುರುತು ಹಿಡಿಯೋಕೆ ಇನ್‌ವೊಲುಕ್ರಿನ್ ಅನ್ನೋ ಪ್ರೋಟೀನ್ ಇದೆ. 1979ರಲ್ಲಿ ರಾಬರ್ಟ್ ರೈಸ್ ಮತ್ತು ಗ್ರೀನ್ ಅದನ್ನು ವಿವರಿಸಿದರು. ಅದಕ್ಕೂ ಎರಡು ವರ್ಷ ಮುಂಚೆ ಗ್ರೀನ್ ಕೆರಟಿನೊಸೈಟ್‌ಗಳನ್ನು ಮೀಥೈಲ್‌ಸೆಲ್ಯುಲೋಸ್ ಅನ್ನೋ ಗಂಜಿಯಂಥ ದ್ರವದಲ್ಲಿ ತೇಲಿಬಿಟ್ಟು ನೋಡಿದ್ದರು. ಕಾಲೂರೋಕೆ ಏನೂ ಸಿಗದ ಕೋಶಗಳು ಒಡೆಯೋದು ಬಿಟ್ಟು ಅವಸರವಸರವಾಗಿ ಮುಪ್ಪಿನ ದಾರಿ ಹಿಡಿದವು.

ಆದರೆ ತೇಲುವ ಕೋಶಕ್ಕೆ ಒಂದಲ್ಲ, ಹಲವು ನಷ್ಟ. ನೆಲ ಇಲ್ಲ, ನೆರೆಯವರಿಲ್ಲ, ಹರಡಿಕೊಳ್ಳೋಕೆ ಆಗದೆ ಉಂಡೆಯಾಗಿದೆ. ಇದರಲ್ಲಿ ಯಾವುದು ಕಾರಣ? ಬಗ್ ಹುಡುಕೋರಿಗೆ ಈ ಪೇಚಾಟ ಗೊತ್ತು. ಒಂದೇ ಸಲ ಮೂರು ಕಡೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು.

1978ರಲ್ಲಿ ಜುಡಾ ಫೋಕ್‌ಮನ್ ಮತ್ತು ಆನ್ ಮೊಸ್ಕೋನಾ ಇದರ ಒಂದು ಎಳೆ ಬಿಡಿಸಿದ್ದರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮಾಡೋ ಪದಾರ್ಥವನ್ನೇ ಪ್ಲಾಸ್ಟಿಕ್ ತಟ್ಟೆಗೆ ತೆಳ್ಳಗೆ, ದಪ್ಪಗೆ ಬಳಿದು, ಕೋಶಗಳಿಗೆ ಅಂಟು ಎಷ್ಟು ಸಿಗಬೇಕು ಅಂತ ತಾವೇ ನಿಗದಿ ಮಾಡಿದರು. ಕೋಶ ಎಷ್ಟು ಚಪ್ಪಟೆಯೋ ಅಷ್ಟು ಜೋರಾಗಿ ಡಿಎನ್‌ಎ ನಕಲು, ಎಷ್ಟು ದುಂಡಗೋ ಅಷ್ಟು ಕಡಿಮೆ. ಅವರು ಬಳಸಿದ್ದು ಚರ್ಮದ ಕೆರಟಿನೊಸೈಟ್ ಅಲ್ಲ, ನೋಡಿದ್ದೂ ಬೆಳವಣಿಗೆಯನ್ನು ಮಾತ್ರ.

ಚರ್ಮದ ಮಟ್ಟಿಗೆ ಎಳೆ ಬಿಡಿಸಿದ್ದು ಗ್ರೀನ್ ಲ್ಯಾಬಿನಲ್ಲೇ ಪಳಗಿ ಇಂಗ್ಲೆಂಡಿಗೆ ಮರಳಿದ್ದ ಫಿಯೋನಾ ವಾಟ್. 1988ರಲ್ಲಿ ಅವರೂ ಜೊತೆಗಾರರೂ ಅಂಟಿಲ್ಲದ ಮೇಲ್ಮೈ ನಡುವೆ ಅಂಟಿರುವ ಪುಟ್ಟ ಪುಟ್ಟ ದುಂಡನೆಯ ದ್ವೀಪಗಳನ್ನು ಮಾಡಿದರು. ಒಂದು ದ್ವೀಪಕ್ಕೆ ಒಂದೇ ಕೋಶ, ಪಕ್ಕದವರನ್ನು ಮುಟ್ಟೋ ಹಾಗಿಲ್ಲ. ದೊಡ್ಡ ದ್ವೀಪದಲ್ಲಿ ಕೋಶ ಕಾಲು ಚಾಚಿ ಹರಡಿತು, ಚಿಕ್ಕದರಲ್ಲಿ ಮುದುರಿ ಉಂಡೆಯಾಯಿತು. ಎಲ್ಲರಿಗೂ ಕಾಲ ಕೆಳಗೆ ನೆಲ ಇದೆ, ಯಾರಿಗೂ ನೆರೆಯವರಿಲ್ಲ. ಉಳಿದ ವ್ಯತ್ಯಾಸ ಒಂದೇ, ಎಷ್ಟು ಜಾಗ ಸಿಕ್ಕಿತು, ಅದರಿಂದ ಯಾವ ಆಕಾರ ಬಂತು. ಚಿಕ್ಕ ದ್ವೀಪದ ಕೋಶಗಳು ಡಿಎನ್‌ಎ ನಕಲು ನಿಲ್ಲಿಸಿ ಇನ್‌ವೊಲುಕ್ರಿನ್ ತಯಾರಿಸತೊಡಗಿದವು.

ನನಗೆ ಈ ಕೆಲಸದಲ್ಲಿ ತುಂಬಾ ಹಿಡಿಸಿದ್ದು ಮುಂದಿನ ಹೆಜ್ಜೆ. ಯಾರಾದರೂ ಕೇಳಬಹುದಲ್ಲ, ಬೆಳವಣಿಗೆ ನಿಂತಿದ್ದಕ್ಕೇ ಇನ್‌ವೊಲುಕ್ರಿನ್ ಬಂತು, ಆಕಾರದ್ದೇನೂ ಪಾತ್ರವಿಲ್ಲ ಅಂತ. ಅದನ್ನೂ ಪರೀಕ್ಷಿಸಿದರು. ಚೆನ್ನಾಗಿ ಹರಡಿರುವ ಕೋಶಗಳ ಬೆಳವಣಿಗೆಯನ್ನು ಮಾತ್ರ ತಡೆದರೆ ಇನ್‌ವೊಲುಕ್ರಿನ್ ಹುಟ್ಟಲು ಅದು ಸಾಲಲಿಲ್ಲ. ಮುದುರಿದ ಆಕಾರ ತನ್ನದೇ ಒಂದು ಮಾತು ಹೇಳುತ್ತಿತ್ತು.

ಹೇಗೆ ಹೇಳುತ್ತೆ ಅನ್ನೋದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಕೋಶದೊಳಗೆ ಆಕ್ಟಿನ್ ಅನ್ನೋ ಪ್ರೋಟೀನಿನ ಹುರಿಗಳಿವೆ, ಗುಡಿಸಲಿನ ಗಳುಗಳ ಹಾಗೆ. ಬಿಡಿ ಆಕ್ಟಿನ್ ಕಣಗಳು ಎಂಎಎಲ್ ಅನ್ನೋ ಇನ್ನೊಂದು ಪ್ರೋಟೀನನ್ನು ಹಿಡಿದಿಟ್ಟುಕೊಂಡಿರುತ್ತವೆ. ಕಣಗಳು ಹುರಿಯಲ್ಲಿ ಸೇರಿಕೊಂಡಾಗ ಎಂಎಎಲ್ ಬಿಡುಗಡೆಯಾಗಿ ನ್ಯೂಕ್ಲಿಯಸ್‌ಗೆ ಹೋಗಿ, ಎಸ್ಆರ್‌ಎಫ್ ಜೊತೆಗೂಡಿ ಜೀನ್‌ಗಳನ್ನು ಎಬ್ಬಿಸುತ್ತೆ. ಇದನ್ನು 2003ರಲ್ಲಿ ರಿಚರ್ಡ್ ಟ್ರೈಸ್‌ಮನ್ ತಂಡ ತೋರಿಸಿತು. 2010ರಲ್ಲಿ ವಾಟ್ ತಂಡ ಮತ್ತೆ ಆ ಪುಟ್ಟ ದ್ವೀಪಗಳಿಗೇ ಮರಳಿ, ಚರ್ಮದ ಕೋಶ ಮುದುರಿದಾಗ ನಡೆಯೋದೂ ಇದೇ ದಾರಿಯಲ್ಲಿ ಅಂತ ಕಂಡುಕೊಂಡಿತು. ಗುಡಿಸಲಿನ ಗಳು ಅಂದುಕೊಂಡಿದ್ದೇ ಒಳಗಿನವರಿಗೆ ಸುದ್ದಿ ಮುಟ್ಟಿಸುವ ತಂತಿಯೂ ಆಗಿತ್ತು!

ಇದಲ್ಲದೆ ನೇರವಾಗಿ ಎಳೆಯೋ ದಾರಿಯೂ ಇದೆ. ಕೋಶದ ಹೊರಮೈಗೆ ಅಂಟಿದ ಮಣಿಯನ್ನು ಎಳೆದರೆ ಒಳಗಿನ ನ್ಯೂಕ್ಲಿಯಸ್ಸೂ ಎಳೆದುಕೊಳ್ಳುತ್ತೆ ಅಂತ 1997ರಲ್ಲೇ ಡೊನಾಲ್ಡ್ ಇಂಗ್ಬರ್ ತಂಡ ತೋರಿಸಿತ್ತು. ಇಲ್ಲಿ ನಮ್ಮ ಬೆಂಗಳೂರಿನ ನಂಟೂ ಬರುತ್ತೆ. ಇಲ್ಲಿನ ಎನ್‌ಸಿಬಿಎಸ್‌ನಲ್ಲಿದ್ದು ಆಮೇಲೆ ಸಿಂಗಪುರಕ್ಕೆ ಹೋದ ಜಿ. ವಿ. ಶಿವಶಂಕರ್ ಮತ್ತು ಅವರ ಜೊತೆಗಾರರು 2013ರಲ್ಲಿ ಇಲಿಯ ಫೈಬ್ರೊಬ್ಲಾಸ್ಟ್‌ಗಳನ್ನು ಬೇರೆ ಬೇರೆ ಆಕಾರ, ಅಳತೆಯ ಅಚ್ಚುಗಳ ಮೇಲೆ ಕೂರಿಸಿದರು. ಜಾಗ ಕಡಿಮೆಯಾದಾಗ ಎಚ್‌ಡಿಎಸಿ3 ಅನ್ನೋ ಕಿಣ್ವ ನ್ಯೂಕ್ಲಿಯಸ್ ಒಳಗೆ ಸೇರಿಕೊಂಡು ಡಿಎನ್‌ಎ ಸುರುಳಿಯನ್ನು ಬಿಗಿ ಮಾಡುತ್ತಿತ್ತು, ಗುಂಪು ಗುಂಪಾಗಿ ಜೀನ್‌ಗಳ ವರಸೆಯೇ ಬದಲಾಗುತ್ತಿತ್ತು. ಆ ಫೈಬ್ರೊಬ್ಲಾಸ್ಟ್ ತಳಿಯ ಹೆಸರಲ್ಲೂ 3ಟಿ3 ಇದೆ. ಹಳೇ ಲೆಕ್ಕ, ಅದೇ ಮೂರು ದಿನ, ಮೂರು ಲಕ್ಷ.

ಬಾಸ್ಟನ್‌ನಲ್ಲಿ ಹಾಗೆ ಬೆಳೆಸಿದ ಚರ್ಮ ಹೊದಿಸಿಕೊಂಡ ಮಕ್ಕಳನ್ನು ವೈದ್ಯರು ಐದು ವರ್ಷದವರೆಗೂ ಗಮನಿಸಿದರು. ತಟ್ಟೆಯಿಂದ ಬಂದಾಗ ಆ ಹಾಳೆ ಬರೀ ಕೆಲವೇ ಕೋಶಗಳ ದಪ್ಪ, ಪೂರ್ತಿ ಸಪಾಟು. ನಿಜವಾದ ಚರ್ಮದ ತಳ ಹಾಗಿರೋದಿಲ್ಲ, ಉತ್ತ ಹೊಲದ ಹಾಗೆ ಏರುತಗ್ಗು. ಒಂದು ವರ್ಷದ ಹೊತ್ತಿಗೆ ಯಾರೂ ಮಾಡಿಕೊಡದೆ ಆ ಏರುತಗ್ಗು ತಾನೇ ಮೂಡಿತ್ತು. ಅದರ ಕೆಳಗಿನ ಒಳಚರ್ಮ ಸರಿಹೋಗೋಕೆ ನಾಲ್ಕೈದು ವರ್ಷ ಬೇಕಾಯಿತು. ಕೂದಲು ಮಾತ್ರ ಬರಲಿಲ್ಲ, ಬೆವರಿನ ಗ್ರಂಥಿಯೂ ಬರಲಿಲ್ಲ. ಹೊದಿಸಿದ ಜಾಗ ಬೆವರುತ್ತಿರಲಿಲ್ಲ.