ಮಗುವಿನ ಜೊತೆ ಅವ್ವನಿಗೂ ಹಾಸಿಗೆ

ನವಲಗುಂದದ ಎರೆಹೊಲದಲ್ಲಿ ಹೆಸರು ಬಿಡಿಸುವ ಹೊತ್ತು ಅನ್ನೋಣ. ಹದಿನಾಲ್ಕು ವರ್ಷದ ಹುಡುಗಿ ಹದಿನೈದು ದಿನದಿಂದ ಸಾಲಿಗೆ ಹೋಗಿಲ್ಲ. ಉಣ್ಣುವುದಿಲ್ಲ, ಮಲಗುವುದಿಲ್ಲ, ಯಾರೋ ಕರೆದಂತೆ ನಡುರಾತ್ರಿ ಎದ್ದು ಕೂಡುತ್ತಾಳೆ. ಅಜ್ಜಿ ‘ಗಾಳಿ ಸೋಕೈತಿ’ ಅನ್ನುತ್ತಾಳೆ. ತಾಯತ ಕಟ್ಟಿದ್ದಾಯಿತು, ಅಮಾವಾಸ್ಯೆಗೆ ಗುಡಿಗೆ ಹೋಗಿ ಬಂದದ್ದೂ ಆಯಿತು. ಕಡೆಗೆ ಯಾರೋ ಧಾರವಾಡಕ್ಕೆ ಕರಕೊಂಡು ಹೋಗ್ರಿ ಅಂದಾಗ ಅವ್ವನ ಬಾಯಿಂದ ಬರುವ ಮೊದಲ ಮಾತು, ‘ಅಲ್ಲೇ ಬಿಟ್ಟು ಬರಬೇಕೇನ್ರಿ?’

ಕಲಘಟಗಿ, ಕುಂದಗೋಳ, ಅಣ್ಣಿಗೇರಿ, ಎಲ್ಲಿಯ ಅವ್ವನಾದರೂ ಇದನ್ನೇ ಕೇಳಿಯಾಳು. ‘ಇಲ್ಲವ್ವ, ನೀನೂ ಸಂಗಡ ಇರಬೇಕು’ ಎಂದು ಕಾನೂನೇ ಹೇಳುವಂತಾಗಲು 172 ವರ್ಷ ಹಿಡಿಯಿತು.

ಧಾರವಾಡದಲ್ಲಿ ಹುಚ್ಚರ ಆಶ್ರಯಾಲಯ ಶುರುವಾದದ್ದು 1845ರಲ್ಲಿ. ಆಗ ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. ವಾಸಿಮಾಡುವುದಕ್ಕಿಂತ ಊರಿನಿಂದ ದೂರ ಇಡುವುದೇ ಅಂದಿನ ಕಾಳಜಿ. 1858ರ ಮತ್ತು 1912ರ ಕಾಯ್ದೆಗಳಲ್ಲಿ ವೈದ್ಯರಷ್ಟೇ ದೊಡ್ಡ ಪಾತ್ರ ಮ್ಯಾಜಿಸ್ಟ್ರೇಟರದು. ಮಕ್ಕಳ ಮನಸ್ಸಿಗೆ ಬೇರೆ ಬಗೆಯ ಆರೈಕೆ ಬೇಕೆಂಬ ಯೋಚನೆಗೆ ಅಲ್ಲಿ ಜಾಗವಿರಲಿಲ್ಲ. ಆ ಸಂಸ್ಥೆಯೇ ಬೆಳೆದು ಇಂದು ಡಿಮ್ಹಾನ್ಸ್ ಆಗಿದೆ. ಹಳ್ಳಿಯ ಬಾಯಲ್ಲಿ ಮಾತ್ರ ಅದಿನ್ನೂ ‘ಹುಚ್ಚಾಸ್ಪತ್ರಿ’. ಮಗಳನ್ನು ಅಲ್ಲಿಗೆ ಒಯ್ದರೆ ನಾಳೆ ಗಂಡು ಸಿಗಲಿಕ್ಕಿಲ್ಲ ಎಂಬ ಹೆದರಿಕೆ ಆ ಹೆಸರಿಗೇ ಅಂಟಿಕೊಂಡು ಬಂದದ್ದು.

ಮಕ್ಕಳಿಗಾಗಿಯೇ ಮನೋರೋಗದ ಆಸ್ಪತ್ರೆ ಅಮೆರಿಕದ ರೋಡ್ ಐಲೆಂಡ್‌ನಲ್ಲಿ 1931ರಲ್ಲಿ ತೆರೆಯಿತು. ಬ್ರಾಡ್ಲಿ ದಂಪತಿ ತಮ್ಮ ಮಗಳ ನೆನಪಿಗೆ ಬಿಟ್ಟ ಆಸ್ತಿಯಿಂದ ಎದ್ದ ಮನೆ ಅದು. ಮಗುವನ್ನು ಮನೆಯಿಂದ ಬಿಡಿಸಿ, ತಿಂಗಳುಗಟ್ಟಲೆ ಆಸ್ಪತ್ರೆಯನ್ನೇ ಮನೆ ಮಾಡುವ ಪದ್ಧತಿ ಆ ಕಡೆ ಬೇರೂರಿತು. ನಮ್ಮಲ್ಲಿ ಹಾದಿ ಬೇರೆಯಾಯಿತು. ಅದಕ್ಕೆ ಕಾರಣ ತತ್ವಕ್ಕಿಂತ ಹೆಚ್ಚಾಗಿ ಬಡತನ ಮತ್ತು ಒಬ್ಬ ವೈದ್ಯರ ಧೈರ್ಯ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಜಾಗ, ಸಿಬ್ಬಂದಿ ಎರಡೂ ಸಾಲದಾದಾಗ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹೊಡೆಸಿ, ರೋಗಿಯ ಮನೆಯವರನ್ನೇ ತಂದು ಇರಿಸಿದರು. ಜನ ಬೇಗ ಗುಣವಾದರು, ಮನೆಯವರೂ ಅವರನ್ನು ಮರಳಿ ಒಯ್ದರು. ವೆಲ್ಲೂರಿನಲ್ಲೂ ಕುಟುಂಬ ಸಮೇತ ದಾಖಲಾತಿ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಾರ್ಡಿನಲ್ಲಿ ತಾಯಿಯೋ ತಂದೆಯೋ ಮಗುವಿನ ಜೊತೆಗಿರುವುದೇ ಚಿಕಿತ್ಸೆಯ ಭಾಗವಾಯಿತು.

ಇದರ ಬೆಲೆ ತಿಳಿಯಬೇಕಾದರೆ ಇಂಥ ವಾರ್ಡಿನ ಒಂದು ಮುಂಜಾನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹುಡುಗ ಗುಳಿಗೆ ಉಗುಳುತ್ತಾನೆ. ಊರಲ್ಲಾದರೆ ಒಂದೇಟು ಬೀಳುತ್ತಿತ್ತು, ಇಲ್ಲವೆ ಕೈಗೆ ಮೊಬೈಲ್ ಬರುತ್ತಿತ್ತು. ಇಲ್ಲಿ ನರ್ಸ್ ಗದರದೆ ಕಾಯುತ್ತಾಳೆ, ಎರಡೇ ಮಾತು ಆಡುತ್ತಾಳೆ, ಮತ್ತೆ ಕೊಡುತ್ತಾಳೆ. ಪಕ್ಕದಲ್ಲಿ ಕುಂತ ಅವ್ವ ನೋಡುತ್ತಾಳೆ. ನಾಲ್ಕನೆಯ ದಿನ ಅದನ್ನು ಅವಳೇ ಮಾಡುತ್ತಾಳೆ. ವೈದ್ಯರಿಗೆ ಅರ್ಧ ತಾಸಿನಲ್ಲಿ ಕಾಣದ್ದು, ಮಗು ಯಾವಾಗ ಬೆದರುತ್ತದೆ, ಅಪ್ಪ ಬಂದಾಗ ಯಾಕೆ ಸುಮ್ಮನಾಗುತ್ತದೆ, ಅನ್ನ ಯಾಕೆ ದೂಡುತ್ತದೆ ಎಂಬುದು, ಇಪ್ಪತ್ನಾಲ್ಕು ತಾಸಿನ ವಾಸದಲ್ಲಿ ತಾನಾಗಿ ಗೊತ್ತಾಗುತ್ತದೆ. ಗುಳಿಗೆ ಕೊಡಲು ಬಾಕಿ ಜನ ಇದ್ದಾರೆ. ಊರಿಗೆ ಹಿಂತಿರುಗಿದ ಮೇಲೆ ಮಗುವಿನ ಜೊತೆ ಬದುಕುವವಳು ಅವ್ವ.

1987ರ ಕಾಯ್ದೆ ಹದಿನಾರರೊಳಗಿನವರಿಗೆ ಪ್ರತ್ಯೇಕ ಆಸ್ಪತ್ರೆಗಳಿಗೆ ಅವಕಾಶ ಕೊಟ್ಟಿತು. ಗಟ್ಟಿ ಮಾತು ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ, ಹೊರಗೆ ಇಟ್ಟು ನೋಡಿಕೊಳ್ಳುವ ದಾರಿ ಸಾಲದೆಂದು ಕಂಡರೆ ಮಾತ್ರ ಅಪ್ರಾಪ್ತರ ದಾಖಲಾತಿ. ದೊಡ್ಡವರೊಡನೆ ಇರಿಸುವಂತಿಲ್ಲ. ಪಾಲಕರು ಅಥವಾ ಅವರು ಗೊತ್ತುಮಾಡಿದವರು, ಮಗು ಆಸ್ಪತ್ರೆಯಲ್ಲಿ ಇರುವಷ್ಟು ದಿನವೂ ಜೊತೆಗಿರಬೇಕು. ಹುಡುಗಿಯ ಪಾಲಕರು ಗಂಡಸಾದರೆ ಹೆಂಗಸೊಬ್ಬಳು ಇರಲೇಬೇಕು. 72 ತಾಸಿನೊಳಗೆ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು, 30 ದಿನ ದಾಟಿದರೆ ಮಂಡಳಿ ವಿಚಾರಿಸಬೇಕು. ಸರಪಳಿ ಹಾಕುವುದನ್ನು ಈ ಕಾಯ್ದೆ ಪೂರಾ ನಿಷೇಧಿಸಿದೆ. 2001ರಲ್ಲಿ ತಮಿಳುನಾಡಿನ ಎರವಾಡಿಯ ಬೆಂಕಿಯಲ್ಲಿ ಸರಪಳಿಯಲ್ಲೇ ಸುಟ್ಟುಹೋದವರನ್ನು ನೆನೆದರೆ ಈ ಒಂದು ಸಾಲಿನ ತೂಕ ತಿಳಿಯುತ್ತದೆ.

ಹಳ್ಳಿಯ ಹತ್ತಿರಕ್ಕೆ ಚಿಕಿತ್ಸೆ ತರುವ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮುಂದೆ ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಬಂತು. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ; ಹಳ್ಳಿಗಳಲ್ಲೂ ಅದು ಶೇ. 6.9. ಇದು ಪಟ್ಟಣದ ಮಕ್ಕಳ ರೋಗ ಅನ್ನುವವರು ಈ ಎರಡನೆಯ ಅಂಕಿ ನೋಡಲಿ. ಇವರಲ್ಲಿ ಬಹುಪಾಲು ಮಕ್ಕಳಿಗೆ ದಾಖಲಾತಿಯೇ ಬೇಡ; ಬೇಕಾದ ಕೆಲವರಿಗೆ ಮಾತ್ರ ತಡಮಾಡಿದರೆ ಜೀವವೇ ಹೋದೀತು.

ಹೀಗೆ ಕಾನೂನು ಅವ್ವನಿಗೆ ಜಾಗ ಕೊಟ್ಟಿತು. ಅವಳ ಕೂಲಿಯ ಗತಿ? ಹೆಸರು ಬಿಡಿಸುವ ಇಲ್ಲವೆ ಮೆಣಸಿನಕಾಯಿ ಹರಿಯುವ ಮೂರು ವಾರ ಅವಳು ಧಾರವಾಡದಲ್ಲಿ ಕೂತರೆ ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ. ಅರ್ಧಕ್ಕೇ ಮಗುವನ್ನು ಬಿಡಿಸಿಕೊಂಡು ಹೋಗುವುದು ಅಜ್ಞಾನದಿಂದ ಎಂದು ಹೇಳುವುದು ಸುಲಭ. ನನಗೆ ಅದರಲ್ಲಿ ಹೊಟ್ಟೆಯ ಲೆಕ್ಕವೇ ಹೆಚ್ಚು ಕಾಣುತ್ತದೆ. ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರದಲ್ಲಿ ಕೂಸಿನ ಜೊತೆಗಿರುವ ತಾಯಿಗೆ ಸರಕಾರ ಕೂಲಿ ನಷ್ಟದ ಹಣ ಕೊಡುತ್ತದೆ. ಮೈ ಸೊರಗಿದ ಕೂಸಿನ ತಾಯಿಗೆ ಸಲ್ಲುವ ನ್ಯಾಯ ಮನಸ್ಸು ಸೊರಗಿದ ಕೂಸಿನ ತಾಯಿಗೂ ಸಲ್ಲಬೇಕು. ನಮ್ಮ ಶಾಸಕರು, ಜಿಲ್ಲಾ ಪಂಚಾಯ್ತಿಯವರು ಇದನ್ನು ಕೇಳಿ ಪಡೆಯಲಿ.

ಅಲ್ಲಿಯತನಕ ಒಂದು ಕೆಲಸ ನಾವೇ ಮಾಡಬಹುದು. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರ ಸಾಲಿಯ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಇದನ್ನು ಬರೆಸಿರಿ.