ಪಿ.ಜಿ. ವಸತಿಗೃಹಗಳ ಪರವಾನಗಿ: ಪಾಲಕರು ಅರಿತಿರಬೇಕಾದುದು

ಪಟಮಟದ ನಮ್ಮ ಮನೆಗಳಿಂದ ಉದ್ಯೋಗಕ್ಕಾಗಿ ಬೆಂಗಳೂರಿಗೆ ತೆರಳುವ ಮಕ್ಕಳು ಸಾಮಾನ್ಯವಾಗಿ ಮೊದಲು ಸೇರುವುದು ಪಿ.ಜಿ.ಗಳನ್ನೇ. 2024ರ ಜುಲೈನಲ್ಲಿ ಕೋರಮಂಗಲದ ಪಿ.ಜಿ.ಯೊಂದರಲ್ಲಿ ತರುಣಿಯೊಬ್ಬಳ ಕೊಲೆಯಾಯಿತು. ಮರುತಿಂಗಳೇ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಪಿ.ಜಿ. ಮಾಲೀಕರ ಉದ್ದಿಮೆ ಪರವಾನಗಿಗೆ ಷರತ್ತುಗಳನ್ನು ವಿಧಿಸಿತು. ತಲಾ 70 ಚದರ ಅಡಿ ಸ್ಥಳ, ದಿನಕ್ಕೆ 135 ಲೀಟರ್ ನೀರು, ಪ್ರವೇಶದ್ವಾರದಲ್ಲಿ ಸಿ.ಸಿ.ಟಿ.ವಿ., ಅದರ ದೃಶ್ಯಗಳನ್ನು 90 ದಿನ ಕಾಯ್ದಿಡುವುದು, ಹಗಲಿರುಳೂ ಕಾವಲಿಗೆ ಸಿಬ್ಬಂದಿ. ಅಡುಗೆಮನೆಯಿದ್ದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಬೇರೆ. ಬೇಸಗೆಯಲ್ಲಿ ಅಷ್ಟು ನೀರು ದೊರೆತೀತೇ ಎಂಬ ಸಂದೇಹ ನಮಗೂ ಉಂಟು. ಆದರೆ ಕಾವಲಿನ ವಿಷಯದಲ್ಲಿ ರಿಯಾಯಿತಿ ಸಲ್ಲದು. ಮುಂಗಡ ಹಣ ಕೊಡುವ ಮುನ್ನ ಪಾಲಕರು ಮಾಲೀಕರಲ್ಲಿ ಪರವಾನಗಿ ಪತ್ರವನ್ನು ಕೇಳಿ, ಅದರ ಅವಧಿಯನ್ನೂ ವಿಳಾಸವನ್ನೂ ಓದಿ ನೋಡತಕ್ಕದ್ದು.